ನೀರು ಕುಡಿದ ಮೇಲಿನ ಮಾತು

ಥೂ, ಇವರ ಜನ್ಮಕ್ಕಿಷ್ಟು! ಸತ್ತವರನ್ನೂ ಬಿಡಲಿಲ್ಲವಲ್ಲ.

ಹೊಳಲ್ಕೆರೆಯ ಸಮುದಾಯ ಭವನದ ಬಾಗಿಲಲ್ಲಿ ಆ ಫ್ಲೆಕ್ಸ್ ನೋಡಿದ ಕೂಡಲೇ ನನ್ನ ಬಾಯಿಂದ ಬಂದದ್ದು ಇದೇ ಮಾತು. 'ನಗುಮೊಗದ ಶಿಕ್ಷಕಿಗೆ ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆಸಿದ್ದರು. ಕೆಳಗೆ ದಾನಿಗಳ ಮುಖಗಳು ಸಾಲಾಗಿ. ನಡುವೆ ನಮ್ಮ ಮೇಡಂ. ಮೇಡಂ ಹಲ್ಲು ಬಿಟ್ಟು ನಗುತ್ತಿದ್ದರು. ಅವರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಅರ್ಧ ಆಯಸ್ಸು ಕಳೆದವನು ನಾನು, ಹಾಗೆ ನಕ್ಕಿದ್ದನ್ನು ಕಂಡಿಲ್ಲ. ಹತ್ತಿರ ಹೋಗಿ ನೋಡಿದೆ. ಶಾಲೆಯ ಗುರುತಿನ ಚೀಟಿಯ ಹಳೇ ಫೋಟೋ ಅದು. ಯಾವನೋ ಪುಣ್ಯಾತ್ಮ ಕಂಪ್ಯೂಟರಿನಲ್ಲಿ ತುಟಿಯ ಎರಡೂ ತುದಿ ಹಿಡಿದು ಮೇಲಕ್ಕೆ ಎಳೆದಿದ್ದಾನೆ. ಒಳಗಿನ ಹಲ್ಲು ಯಾರದೋ ಏನೋ.

"ಏನಪ್ಪ ಇದು?" ಅಂತ ಫ್ಲೆಕ್ಸ್ ಕಟ್ಟುತ್ತಿದ್ದವನನ್ನು ಕೇಳಿದೆ.

"ಫೋಟೋ ಸಪ್ಪಗೈತೆ, ಸ್ವಲ್ಪ ಖುಷಿಯಾಗಿರಂಗೆ ಮಾಡ್ಸು ಅಂದ್ರು ಸಾರ್ ಸಾಹೇಬ್ರು" ಎಂದ.

ನಮ್ಮ ಮೇಡಂ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅದನ್ನೂ ಹಿಡಿದು ಯಾವುದಾದರೂ ಯೋಜನೆಗೆ ಇಟ್ಟುಬಿಡುತ್ತಾರೆ ಈ ಜನ. ಮೇಡಂ ಅಂದರೆ ಸಾಕು.

ಹೊಸದುರ್ಗದ ಕಡೆಯವರು. ಸಮಾಜ ವಿಜ್ಞಾನ ಪಾಠ. ನೀಳ ಮೂಗು, ಅದರ ಮೇಲೆ ಅಗಲವಾದ ಮೂಗುಬೊಟ್ಟು, ಕಂಕುಳಲ್ಲಿ ಕೊಡೆ. ಮಳೆ ಇರಲಿ ಬಿಡಲಿ, ಕೊಡೆ ಇರಬೇಕು. ನಾಯಿ ಓಡಿಸಲಿಕ್ಕೆ ಎನ್ನುತ್ತಿದ್ದರು, ನಾವು ಅದನ್ನು ನಮ್ಮ ಹೆಡ್‌ಮಾಸ್ಟರಿಗೆ ಅಂತ ತಿಳಿದುಕೊಂಡಿದ್ದೆವು. ಮಾತಿಗೆ ಮುಂಚೆ 'ಥೂ' ಅನ್ನುವುದು ಅವರ ಅಭ್ಯಾಸ. ಚಹಾ ತಣ್ಣಗಾಗಿದ್ದರೆ ಒಂದು ಸಣ್ಣ ಥೂ. ಮೇಲಿನ ಕಚೇರಿಯಿಂದ ಸುತ್ತೋಲೆ ಬಂದರೆ ಸ್ವಲ್ಪ ಉದ್ದದ್ದು. ಮಗಳನ್ನು ಬೇಗ ಮದುವೆ ಮಾಡಿಬಿಡುತ್ತೇನೆಂದು ಟಿ.ಸಿ. ಕೇಳಲು ಬರುವ ಅಪ್ಪಂದಿರಿಗೆ ಇನ್ನೊಂದು ಇತ್ತು, ಅದನ್ನು ಕೇಳಿದವರು ಟಿ.ಸಿ. ಮರೆತು ವಾಪಸ್ ಹೋದದ್ದೂ ಉಂಟು. ಹೊಗಳುವುದಂತೂ ಅವರಿಗೆ ಗೊತ್ತೇ ಇರಲಿಲ್ಲ. ತೀರಾ ಮೆಚ್ಚಿದರೆ "ಹ್ಞೂಂ, ಅಡ್ಡಿಯಿಲ್ಲ" ಅಂತಿದ್ದರು. ನನ್ನ ಮನೆಯ ಗೃಹಪ್ರವೇಶಕ್ಕೆ ಬಂದು ಎಲ್ಲ ಕೋಣೆ ನೋಡಿ, ಹೋಳಿಗೆ ತಿಂದು, "ಹೋಳಿಗೆ ಅಡ್ಡಿಯಿಲ್ಲ" ಅಂದು ಹೋದರು. ಮನೆಯ ಬಗ್ಗೆ ಇವತ್ತಿಗೂ ನನಗೆ ಗೊತ್ತಿಲ್ಲ.

ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬ ಅವರ ತರಗತಿಯಲ್ಲಿ ನಿಂತು, "ಮಕ್ಕಳೇ, ಎಲ್ಲರೂ ಖುಷಿಯಾಗಿದೀರಾ?" ಎಂದು ಕೂಗಿದ. "ಖುಷಿಯಾಗಿದೀವಿ ಸಾ...ರ್" ಅಂತ ಮಕ್ಕಳು ಸೂರು ಹಾರುವ ಹಾಗೆ ಕೂಗಿದವು. ಅವನು ಹಿಗ್ಗಿ ಹೋದ. ಮೇಡಂ ಕಿಟಕಿಯ ಕಡೆ ತಿರುಗಿ, "ಹಂಗೆ ಕೇಳಿದ್ರೆ ಕುರೀನೂ ಬ್ಯಾ ಅಂತಾವೆ" ಎಂದರು. ಮೆಲ್ಲಗೆ ಹೇಳಿದೆನೆಂದು ಅವರು ತಿಳಿದಿದ್ದರು. ಅವರ ಮೆಲುದನಿ ಪಕ್ಕದ ರಸ್ತೆಗೆ ಕೇಳುತ್ತಿತ್ತು.

ದೇಶದ ಆದಾಯದ ಪಾಠ ಬಂದಾಗ ಅವರು ತರಗತಿಯಲ್ಲಿ ಕೂರುತ್ತಿರಲಿಲ್ಲ, ಮಕ್ಕಳನ್ನು ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದರು. ಶಾಲೆಯ ಮುಂದೆ ದೊಡ್ಡ ಹುಣಸೇಮರ ಇತ್ತು. ರಸ್ತೆ ಅಗಲ ಮಾಡುವಾಗ ಅದನ್ನು ಕಡಿದರು. ಬುಡ ಮಾತ್ರ ಉಳಿದಿತ್ತು. ಆ ಬುಡದ ಮೇಲೆ ಕೊಡೆ ಊರಿ ನಿಂತು ಪಾಠ: "ನೋಡ್ರಿ ಮಕ್ಕಳಾ, ಈ ಮರ ಕಡಿಯಾಕೆ ಕೂಲಿ ಕೊಟ್ರು, ದೇಶದ ಆದಾಯ ಏರ್ತು. ಲಾರಿನಾಗೆ ಸಾಗಿಸಿದ್ರು, ಏರ್ತು. ಕಟ್ಟಿಗೆ ಮಾರಿದ್ರು, ಏರ್ತು. ನೆರಳು ಹೋತು. ನೆರಳಿಗೆ ಬಿಲ್ಲು ಯಾರೂ ಬರ್ದಿರ್ಲಿಲ್ಲ, ಅದಕ್ಕೇ ನಷ್ಟ ಏನೂ ಆಗಿಲ್ಲ. ನಾಳೆ ಬಿಸಿಲಾಗೆ ನಿಂತು ನಿಮ್ಮಜ್ಜಿ ತಲೆ ಸುತ್ತಿ ಬಿದ್ಲು ಅಂತ ತಿಳ್ಕಳ್ರಿ. ಆಸ್ಪತ್ರೆ, ಗ್ಲೂಕೋಸು, ಆಟೋ. ದೇಶ ಇನ್ನಷ್ಟು ಮುಂದೆ ಹೋತು! ಅಜ್ಜಿ ನೆರಳಾಗೆ ಎಲೆ ಅಡಿಕೆ ಹಾಕ್ಕಂಡು ಕುಂತಿದ್ರೆ ದೇಶ ನಿಂತಲ್ಲೇ ನಿಂತಿರ್ತಿತ್ತು. ಥೂ." ಮಕ್ಕಳು ನಗುತ್ತಿದ್ದವು. ಅವರು ನಗುತ್ತಿರಲಿಲ್ಲ. ಈ ಉತ್ತರವನ್ನೇ ಪರೀಕ್ಷೆಯಲ್ಲಿ ಬರೆದ ಹುಡುಗಿಗೆ ಬೇರೆ ಶಾಲೆಯ ಮೌಲ್ಯಮಾಪಕರು ಸೊನ್ನೆ ಕೊಟ್ಟರು, ಅದು ಬೇರೆ ವಿಚಾರ.

ಇಷ್ಟು ಹೇಳಿದರೆ ಬಾಯಿಬಡುಕಿ ಹೆಂಗಸು ಅಂತ ನೀವು ಅಂದುಕೊಳ್ಳುತ್ತೀರಿ. ಅಲ್ಲ. ಅವರಲ್ಲಿ ಇನ್ನೊಂದು ಗುಣ ಇತ್ತು, ಈ ಬರಹಕ್ಕೆ ಅದೇ ಮುಖ್ಯ. ಬೆಳಿಗ್ಗೆ ಸ್ಟಾಫ್ ರೂಮಿಗೆ ಬಂದು "ಹೆಂಗಿದೀರಿ ಮೇಷ್ಟ್ರೇ?" ಎಂದು ಕೇಳುವರು. "ಚೆನ್ನಾಗಿದೀನಿ ಮೇಡಂ" ಅಂತ ನಾನು. ಅಲ್ಲಿಗೆ ಎಲ್ಲರದ್ದೂ ಮುಗಿಯುತ್ತದೆ. ಅವರದ್ದು ಮುಗಿಯುತ್ತಿರಲಿಲ್ಲ. ಕೊಡೆ ಮೂಲೆಗಿಟ್ಟು, ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಎದುರಿಗೆ ಕೂತು "ಮತ್ತೆ?" ಅನ್ನುವರು. ಅಂದು ಸುಮ್ಮನೆ ಕಾಯುವರು. ನನ್ನ ಹೆಂಡತಿಗೆ ಗರ್ಭ ನಿಲ್ಲದೆ ಹೋದ ವಾರ, ಊರಿಗೆಲ್ಲ ಚೆನ್ನಾಗಿದೀನಿ ಎಂದುಕೊಂಡು ತಿರುಗುತ್ತಿದ್ದವನು ನಾನು, ಆ ಒಂದು 'ಮತ್ತೆ'ಗೆ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ನನ್ನ ತರಗತಿಗೆ ತಾವೇ ಹೋಗಿ ಗಣಿತ ಪಾಠ ಮಾಡಿ ಬಂದರು. ತಪ್ಪು ತಪ್ಪು ಮಾಡಿದ್ದರು, ಮರುದಿನ ಎಲ್ಲ ತಿದ್ದಬೇಕಾಯಿತು.

ಇಂಥವರ ಕೈಗೆ ಆ ಸುತ್ತೋಲೆ ಬಂತು.

ಸಾರಾಂಶ ಇಷ್ಟು: ದೇಶದ ಏಳಿಗೆಯನ್ನು ಬರೀ ಉತ್ಪಾದನೆಯಿಂದ, ಆದಾಯದಿಂದ ಅಳೆದರೆ ಸಾಲದು, ಜನರ ನೆಮ್ಮದಿಯನ್ನೂ ಅಳೆಯಬೇಕು. ಅದಕ್ಕೆ ಸಮೀಕ್ಷೆ. ರಾಜಧಾನಿಯ ಯಾವುದೋ ಸಂಸ್ಥೆ ಮಾಡಿಸುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಮೊದಲು ಪ್ರಯೋಗ. ಮನೆಮನೆಗೆ ಹೋಗುವವರು ಎಂದಿನಂತೆ ಮೇಷ್ಟ್ರುಗಳು. ನಾವೆಲ್ಲ ಮುಖ ಸಿಂಡರಿಸಿದೆವು. ದನ ಎಣಿಸುವುದೂ ನಾವೇ, ಜನ ಎಣಿಸುವುದೂ ನಾವೇ, ಇನ್ನು ನೆಮ್ಮದಿ ಬೇರೆ ಎಣಿಸಬೇಕೇ? ಮೇಡಂ ಮಾತ್ರ ಆ ಕಾಗದವನ್ನು ಮತ್ತೆ ಮತ್ತೆ ಓದಿದರು. ಥೂ ಬರಲಿಲ್ಲ.

"ಕೊನೆಗೂ ಬುದ್ಧಿ ಬಂತಲ್ಲ ಮೇಷ್ಟ್ರೇ ಇವ್ರಿಗೆ" ಎಂದರು. "ನೆರಳು ಲೆಕ್ಕಕ್ಕೆ ಬಂತು."

ಮೇಲ್ವಿಚಾರಕಿ ಕೆಲಸಕ್ಕೆ ತಾವೇ ಹೆಸರು ಕೊಟ್ಟರು. ನನ್ನ ಹೆಸರನ್ನೂ ಕೊಟ್ಟರು, ನನ್ನನ್ನು ಕೇಳಲಿಲ್ಲ.

ಚಿತ್ರದುರ್ಗದಲ್ಲಿ ತರಬೇತಿ. ಎ.ಸಿ. ಹಾಲು, ಬಾಟಲಿ ನೀರು, ಗೋಡಂಬಿ ಬಿಸ್ಕತ್ತು. ತರಬೇತುದಾರ ಯುವಕ ಪರದೆಯ ಮೇಲೆ ಹತ್ತು ಮೆಟ್ಟಿಲಿನ ಏಣಿಯ ಚಿತ್ರ ತೋರಿಸಿದ. ತೀರಾ ಕೆಳಗಿನ ಮೆಟ್ಟಿಲು ಅತಿ ಕಷ್ಟದ ಬದುಕು, ಮೇಲಿನದು ಅತಿ ಸುಖದ ಬದುಕು. ನೀವು ಎಲ್ಲಿ ನಿಂತಿದ್ದೀರಿ ಎಂದು ಕೇಳಬೇಕು. ಅವರು ಬೆರಳಿಟ್ಟದ್ದನ್ನು ಟ್ಯಾಬಿನಲ್ಲಿ ಒತ್ತಬೇಕು. ಮುಗೀತು, ಮುಂದಿನ ಮನೆ.

ಮೇಡಂ ಎದ್ದು ನಿಂತರು. "ಸಾರ್, ನಮ್ ಕಡೆ ಮೊದ್ಲು ಕೇಳಿದ್ದಕ್ಕೆ ಯಾರೂ ನಿಜ ಹೇಳಲ್ಲ."

"ಅಂದ್ರೆ ಸುಳ್ಳು ಹೇಳ್ತಾರಾ ಮೇಡಂ?"

"ಸುಳ್ಳಲ್ಲಪ್ಪ, ಮರ್ಯಾದಿ. ಮನೆಗೆ ಬಂದೋರು ಹೆಂಗಿದೀರಿ ಅಂದ್ರೆ ಚೆನ್ನಾಗಿದೀವಿ ಅನ್ನಬೇಕು. ಬಾಗಿಲಾಗೆ ನಿಂತೋರಿಗೆ ಯಾರಾದ್ರೂ ಗೋಳು ಹೇಳ್ಕಂತಾರಾ? ನಮ್ಮೋರು ಬಳೆ ಒಡೆದ್ರೆ ಹೆಚ್ಚಿತು ಅಂತಾರೆ, ದೀಪ ಆರಿಸು ಅನ್ನಲ್ಲ, ದೊಡ್ಡದು ಮಾಡು ಅಂತಾರೆ. ಅಂಥೋರು ನಿನ್ನ ಏಣಿಯಾಗೆ ಕೆಳಗೆ ಬೆರಳಿಡ್ತಾರಾ? ಅಪಶಕುನ ಅಲ್ವಾ? ಒಳಗೆ ಕರೀತಾರೆ, ಬೆಲ್ಲ ನೀರು ಕೊಡ್ತಾರೆ. ಕುಡೀಬೇಕು. ಕುಡಿದು ಕುಂತ್ಕಂಡು 'ಮತ್ತೆ?' ಅನ್ನಬೇಕು. ಆಮೇಲೆ ಬರತೈತೆ ನೋಡು, ಅದು ಉತ್ತರ."

ಯುವಕ ನಕ್ಕ. ಒಳ್ಳೆಯ ಬಟ್ಟೆ ಹಾಕಿದವರು ನಗುವ ನಗೆ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಸಲ; ಎರಡನೇ ಸಲ ಕೇಳಿದರೆ ನಾವೇ ಉತ್ತರ ಬಾಯಿಗೆ ಹಾಕಿದಂತೆ; ಮತ್ತೊಂದು ದೇಶದ ಜೊತೆ ಹೋಲಿಸಲು ಬರುವುದಿಲ್ಲ; ಇತ್ಯಾದಿ. "ಟೀ ಬ್ರೇಕ್ ತಗೊಳ್ಳೋಣ್ವಾ?" ಅಂದ.

"ಚಂದ್ರವಳ್ಳಿ ಕಡೆ ಹೋಗಾಣ ನಡೀರಿ ಮೇಷ್ಟ್ರೇ, ಇಲ್ಲಿ ಉಸಿರು ಕಟ್ಟತೈತೆ" ಎಂದು ಮೇಡಂ ಮಧ್ಯಾಹ್ನದ ಊಟ ಬಿಟ್ಟು ನನ್ನನ್ನು ಎಳೆದುಕೊಂಡು ಹೋದರು. ಕೆರೆಯ ದಂಡೆಯಲ್ಲಿ ಕೂತು ಖಾರ ಮಂಡಕ್ಕಿ ತಿಂದೆವು. ಆ ದಿನದ ಮೊದಲ ಥೂ ಅಲ್ಲಿ ಬಂತು. ಆದರೂ ಕೆಲಸ ಬಿಡಲಿಲ್ಲ. ಟ್ಯಾಬು ಇರೋದು ನಮ್ಮ ಕೈಲಿ, ಅವನ ಕೈಲಲ್ಲ, ಕೇಳೋ ಹಂಗೆ ಕೇಳಿದ್ರೆ ಆತು ಎಂದರು.

ಸ್ವಂತ ತಾಲ್ಲೂಕು ಕೊಡುವುದಿಲ್ಲ ಎಂಬ ನಿಯಮ. ನಮಗೆ ಬಿದ್ದದ್ದು ಹಿರಿಯೂರು ತಾಲ್ಲೂಕು, ಜವನಗೊಂಡನಹಳ್ಳಿಯಿಂದ ಒಳಕ್ಕೆ ಹೋಗಬೇಕಾದ ಒಂದು ಹಟ್ಟಿ. ಕುರಿ ಸಾಕುವವರು, ಜೊತೆಗೆ ಒಂದಿಷ್ಟು ಹೊಲ. ಹಟ್ಟಿಯ ಎದುರು ಗುಡ್ಡ. ಗುಡ್ಡದ ಮೈಗೆ ಅಂಟಿಕೊಂಡು ಒಂದು ಜಲ್ಲಿ ಕ್ರಷರ್. ದೂರದಿಂದಲೇ ಗೊತ್ತಾಗುತ್ತಿತ್ತು, ಆ ಕಡೆಯ ಜಾಲಿಗಿಡಗಳೆಲ್ಲ ಬೂದಿ ಬಣ್ಣ.

ಈರಕ್ಕ ಅಂತ ಒಬ್ಬ ಮುದುಕಿ, ಹಟ್ಟಿಗೆ ಹಿರಿಯಳು, ನಮ್ಮನ್ನು ಒಳಗೆ ಕರೆದಳು. "ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದಳು. ಮೇಡಂ ನಿಯಮದ ಪ್ರಕಾರ ಕೇಳಿದರು.

"ಹೆಂಗೈತೆ ಈರಕ್ಕ ಬದುಕು?"

"ಚೆನ್ನಾಗೈತೆ ಕಣಮ್ಮ, ನಿಮ್ಮಂತೋರು ಬಂದ್ರಲ್ಲ, ಇನ್ನೇನು." ಏಣಿಯ ಚಿತ್ರ ತೋರಿಸಿದ್ದಕ್ಕೆ ಕಣ್ಣು ಕಿರಿದು ಮಾಡಿ ನೋಡಿ, ತುತ್ತತುದಿಗೆ ಬೆರಳಿಟ್ಟಳು. "ಮೇಲೇ ಇರ್ಲಿ ಬಿಡಮ್ಮ. ಕೆಳಗ್ಯಾಕೆ ಇಡ್ಲಿ?"

ಬೆಲ್ಲ ಬಂತು, ನೀರು ಬಂತು. ನೀರಿನ ಮೇಲೆ ತೆಳ್ಳಗೆ ಪುಡಿ ತೇಲುತ್ತಿತ್ತು. ಮುದುಕಿ ನಾಚಿಕೊಂಡು ಸೆರಗಿನ ತುದಿಯಿಂದ ಅದನ್ನು ಬದಿಗೆ ಸರಿಸಿ ಕೊಟ್ಟಳು. ಮೇಡಂ ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಕಂಬಳಿಯ ಮೇಲೆ ಸರಿಯಾಗಿ ಕೂತು, "ಮತ್ತೆ?" ಎಂದರು.

ಈರಕ್ಕ ಅವರ ಮುಖವನ್ನೇ ನೋಡಿದಳು. ಆಮೇಲೆ ಶುರುವಾಯಿತು. ಗುಡ್ಡದಲ್ಲಿ ಬತ್ತಿ ಇಟ್ಟು ಸಿಡಿಸಿದಾಗೆಲ್ಲ ಗಬ್ಬದ ಕುರಿಗಳು ಬೆದರಿ ತಿಂಗಳು ತುಂಬುವ ಮೊದಲೇ ಕಂದು ಹಾಕುತ್ತವೆ. ಮೇಯೋ ಗಿಡದ ತುಂಬ ದೂಳು, ತಿಂದ ಕುರಿ ಕೆಮ್ಮುತ್ತವೆ. ಸೊಸೆ ಕೆಮ್ಮುತ್ತಾಳೆ. ಮೊಮ್ಮಗು ಸದ್ದಿಗೆ ನಿದ್ದೆಯಲ್ಲಿ ಬೆಚ್ಚಿ ಬೀಳುತ್ತದೆ. ಅಂಬಲಿ ಆರಲು ಇಟ್ಟರೆ ಮೇಲೆ ಕೆನೆ ಹಾಗೆ ಪುಡಿ ಕಟ್ಟುತ್ತದೆ. ಈಗ ಆ ಕ್ರಷರಿನ ಸಾಹುಕಾರ ಎರಡನೇ ಮಿಷನ್ ತರುತ್ತಾನಂತೆ, ಹಟ್ಟಿಯ ಬಾಯಿಗೇ. ಬೇಡವೆಂದು ಅರ್ಜಿ ಕೊಟ್ಟಿದ್ದಾರೆ. "ಅದೊಂದು ತಪ್ಸಿ ಕೊಡಮ್ಮ. ಇರೋದನ್ನ ಹೆಂಗೋ ಹಲ್ಲು ಕಚ್ಕಂಡು ತಡೀತೀವಿ. ಇನ್ನೊಂದು ಬಂದ್ರೆ ಕುರಿ ಹೊಡ್ಕಂಡು ಎಲ್ಲಿಗೆ ಹೋಗಾಣ?"

ಮೇಡಂ ಟ್ಯಾಬ್ ತೆಗೆದು ತುತ್ತತುದಿಯ ಮೆಟ್ಟಿಲನ್ನು ಅಳಿಸಿ ಕೆಳಗಿನದನ್ನು ಒತ್ತಿದರು. "ಇದಲ್ವಾ ಈರಕ್ಕ?" "ಅದೇ ಕಣಮ್ಮ, ನನ್ನ ಬೆರಳಾಗೆ ಬ್ಯಾಡ, ನೀನೇ ಒತ್ತು" ಎಂದಳು. ಹಟ್ಟಿಯ ಎಲ್ಲ ಮನೆಯಲ್ಲೂ ನೀರು ಕುಡಿದೆವು, ಎಲ್ಲ ಮನೆಯಲ್ಲೂ ಎರಡನೇ ಉತ್ತರ ಹಾಕಿದೆವು. ಹಿಂತಿರುಗುವಾಗ ಬಸ್ಸಿನಲ್ಲಿ ಮೇಡಂ ತಾವಾಗಿ ನನಗೆ ಕಡ್ಲೆಕಾಯಿ ಕೊಡಿಸಿದರು. ಅಂಥ ಸಂತೋಷದಲ್ಲಿ ಅವರನ್ನು ನಾನು ಕಂಡದ್ದು ಅದೊಂದೇ ಸಲ. ಆಗಲೂ ನಗಲಿಲ್ಲ ಅನ್ನಿ.

ಮುಂದಿನದ್ದು ಹೇಳಲಿಕ್ಕೇ ಹೇಸಿಗೆ.

ಆ ಹಟ್ಟಿಯ ಉತ್ತರ ಉಳಿದ ಊರುಗಳಿಗಿಂತ ತೀರಾ ಕೆಳಗಿದೆ, ಸಿಬ್ಬಂದಿಯಿಂದ ತಪ್ಪಾಗಿದೆ ಎಂದು ಸಂಸ್ಥೆ ತನ್ನದೇ ಜನರನ್ನು ಮತ್ತೆ ಕಳಿಸಿತು. ಅವರು ಬೈಕಿನಿಂದ ಇಳಿಯದೆ, ಒಂದೇ ಸಲ ಕೇಳಿದರು. ಬಂದವರು ಹೊಸಬರು, ಅದೂ ದೂರದೂರಿನವರು. ಹಟ್ಟಿಗೆ ಹಟ್ಟಿಯೇ "ಚೆನ್ನಾಗಿದೀವಪ್ಪ" ಎಂದಿತು, ಏಣಿಯ ತುದಿಗೆ ಬೆರಳಿಟ್ಟಿತು. ನಮ್ಮ ಉತ್ತರ ಹೋಯಿತು, ಅದು ಉಳಿಯಿತು. ಕೊನೆಗೆ ಪಟ್ಟಿ ಬಂದಾಗ ನಾಲ್ಕೂ ತಾಲ್ಲೂಕಿಗೆ ಆ ಹಟ್ಟಿಯೇ ಮೊದಲು. 'ನೆಮ್ಮದಿಯ ಗ್ರಾಮ'!

ಉಂಡ ಮನೆಯ ಜಂತೆ ಎಣಿಸಬಾರದು ಅಂತ ನಮ್ಮಲ್ಲಿ ಗಾದೆ ಇದೆ. ಈ ಮಹಾಶಯರು ಉಣ್ಣದೆಯೇ ಜಂತೆ ಎಣಿಸಿದ್ದಷ್ಟೇ ಅಲ್ಲ, ಕಿತ್ತುಕೊಂಡೂ ಹೋದರು.

ಚಿತ್ರದುರ್ಗದಲ್ಲಿ ಸನ್ಮಾನ, ಸಮೀಕ್ಷೆ ಮಾಡಿಸಿದ ಸಾಹೇಬರ ಅಧ್ಯಕ್ಷತೆ. ಹಟ್ಟಿಯವರನ್ನು ಬಸ್ಸು ಮಾಡಿ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಈರಕ್ಕನಿಗೆ ಮೈಸೂರು ಪೇಟ, ಜರಿಶಾಲು, ಹಣ್ಣಿನ ಬುಟ್ಟಿ. ಮುದುಕಿಯ ತಲೆಗೆ ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತಿತ್ತು. ಪೇಟ ಇಟ್ಟವನು ಕ್ರಷರ್ ಸಾಹುಕಾರ, ದೇಣಿಗೆ ಕೊಟ್ಟವರ ಸಾಲಿನಲ್ಲಿ ಕೂತಿದ್ದವನು.

ಮೇಲ್ವಿಚಾರಕಿ ಅಂತ ಮೇಡಂ ಕೈಗೂ ಮೈಕು ಕೊಟ್ಟರು. ಅವರ ಮೂಗು ಕೆಂಪಾಗಿತ್ತು. ಭಾಷಣ ಮಾಡಲಿಲ್ಲ. ನೇರ ಈರಕ್ಕನ ಕಡೆ ತಿರುಗಿ, "ಹೆಂಗಿದೀಯ ಈರಕ್ಕ?" ಎಂದರು.

"ಚೆನ್ನಾಗಿದೀನಿ ಕಣಮ್ಮ."

ಚಪ್ಪಾಳೆ. ಮೇಡಂ ಚಪ್ಪಾಳೆ ನಿಲ್ಲುವ ತನಕ ಕಾದರು. ಆಮೇಲೆ, ಆ ಇಡೀ ಸಭೆಯ ಎದುರು, "ಮತ್ತೆ?" ಎಂದರು.

ಈರಕ್ಕ ಪೇಟ ಮೇಲೆತ್ತಿ ಮೇಡಂ ಮುಖ ನೋಡಿದಳು. ಪಕ್ಕದಲ್ಲಿ ಕೂತ ದೊಡ್ಡವರನ್ನು ನೋಡಿದಳು. ಹೆಗಲ ಮೇಲಿನ ಶಾಲನ್ನು ಮುಟ್ಟಿ ನೋಡಿಕೊಂಡಳು. "ಮತ್ತೇನೂ ಇಲ್ಲ ಕಣಮ್ಮ. ಎಲ್ಲಾ ಚೆನ್ನಾಗೈತೆ" ಎಂದಳು. ಇನ್ನೂ ದೊಡ್ಡ ಚಪ್ಪಾಳೆ. ವಿಡಿಯೋದವನು ಹತ್ತಿರ ಹೋಗಿ ಅದನ್ನೆಲ್ಲ ಹಿಡಿದ.

ಕಾರ್ಯಕ್ರಮ ಮುಗಿದ ಮೇಲೆ ಮೇಡಂ ಮುದುಕಿಯನ್ನು ಹೊರಗೆ ತಡೆದು ನಿಲ್ಲಿಸಿದರು. "ಯಾಕೆ ಹಂಗಂದೆ ಈರಕ್ಕ? ಕೇಳಿದ್ನಲ್ಲ ನಾನು?"

ಈರಕ್ಕ ಸಿಟ್ಟಾಗಲಿಲ್ಲ. "ನನ್ನ ಮನೆಯಾಗೆ ಕೇಳಾದನ್ನ ಇಲ್ಲಿ ಕೇಳಿದ್ರೆ ಹೆಂಗಮ್ಮ? ಕರ್ಸಿದಾರೆ, ಕುಂದ್ರಿಸಿದಾರೆ, ನೀರು ಕೊಟ್ಟಿದಾರೆ. ಅವ್ರು ಹೊದಿಸಿದ್ದು ಹೆಗಲ ಮ್ಯಾಲಿರೋವಾಗ ಅವ್ರ ಮುಂದೆ ಅವ್ರನ್ನೇ ಉಗೀಲಾ? ನೀನು ತಿಳ್ದೋಳು ಅಂದ್ಕಂಡಿದ್ದೆ."

ಮೊದಲ ಮಾತು ನಿಜವಲ್ಲ ಎಂದು ತರಬೇತಿಯಲ್ಲಿ ವಾದ ಮಾಡಿದ ಮೇಡಂ, ಯಾರ ನೀರು ಕುಡಿದಿದ್ದೇವೋ ಅವರ ಮುಂದೆ ಎರಡನೆಯದೂ ಹೊರಡುವುದಿಲ್ಲ ಎಂಬುದನ್ನು ಮರೆತಿದ್ದರು.

ಎರಡನೇ ಕ್ರಷರಿನ ಅಹವಾಲು ಸಭೆಯಲ್ಲಿ ಸಾಹುಕಾರನ ಕಡೆಯವರು ಹಾಕಿದ್ದು ಆ ವಿಡಿಯೋವನ್ನೇ. ನೋಡಿ ಸ್ವಾಮಿ, ನಾಲ್ಕು ತಾಲ್ಲೂಕಿಗೆ ನೆಮ್ಮದಿಯ ಗ್ರಾಮ. ಎರಡು ಸಲ ಕೇಳಿದರೂ ಎಲ್ಲ ಚೆನ್ನಾಗಿದೆ ಎಂದಿದ್ದಾರೆ. ಅರ್ಜಿ ಕೊಟ್ಟವರು ಯಾರದೋ ಕುಮ್ಮಕ್ಕಿನವರು. ಮೇಡಂ ಎದ್ದು ನಿಂತು, ಅದು ಉತ್ತರ ಅಲ್ಲ, ಅದು ಮರ್ಯಾದಿ ಎಂದು ಕೂಗಾಡಿದರು. "ಕೇಳಿದ್ದು ನೀವೇ ಅಲ್ವಾ ಮೇಡಂ?" ಎಂದು ಒಬ್ಬ ಕೇಳಿದ. ಸಭೆ ನಕ್ಕಿತು. ಅನುಮತಿ ಸಿಕ್ಕಿತು. ಮಿಷನ್ ಬಂದು ಹಟ್ಟಿಯ ಬಾಯಲ್ಲಿ ಕೂತಿತು.

ಜನರ ಹೊಲ ಕಿತ್ತುಕೊಂಡವರನ್ನು ನೋಡಿದ್ದೇನೆ, ಕೆರೆ ನುಂಗಿದವರನ್ನು ನೋಡಿದ್ದೇನೆ. ಬಡವರ ಮರ್ಯಾದೆಯನ್ನೇ ಹಿಡಿದು ಅವರ ಕುತ್ತಿಗೆಗೆ ಬಿಗಿದವರನ್ನು ಅವತ್ತು ನೋಡಿದೆ. ಹಳೇ ಲೆಕ್ಕವೇ ವಾಸಿಯಿತ್ತು. ಅದು ನೆರಳನ್ನು ಎಣಿಸುತ್ತಿರಲಿಲ್ಲ, ಅಷ್ಟೇ. ಇದು ಬಿಸಿಲನ್ನೇ ನೆರಳು ಅಂತ ಬರೆದುಕೊಂಡು, ಸಹಿ ಬೇರೆ ಹಾಕಿಸಿಕೊಂಡಿತು.

ಮೇಡಂ ನಿವೃತ್ತರಾದ ಮೇಲೂ ಆ ಹಟ್ಟಿಗೆ ಹೋಗಿ ಬರುತ್ತಿದ್ದರು. ಈರಕ್ಕ ಬೆಲ್ಲ ನೀರು ಕೊಡುತ್ತಿದ್ದಳು, ಏನನ್ನೂ ಎತ್ತಿ ಆಡುತ್ತಿರಲಿಲ್ಲ. ಎತ್ತಿ ಆಡದೇ ಇದ್ದದ್ದನ್ನೇ ಮೇಡಂಗೆ ತಡೆಯಲಾಗುತ್ತಿರಲಿಲ್ಲ. ನನ್ನ ಹತ್ತಿರ ಥೂ ಎನ್ನುವುದೂ ಕಮ್ಮಿಯಾಯಿತು.

ಕೊನೆಯ ಸಲ ನೋಡಿದ್ದು ಚಿತ್ರದುರ್ಗದ ಆಸ್ಪತ್ರೆಯಲ್ಲಿ. ಹೊಟ್ಟೆಯ ಗಡ್ಡೆ, ಕೈ ಮೀರಿತ್ತು. ನರ್ಸೊಬ್ಬಳು ಬಂದು, "ಅಜ್ಜಿ, ನೋವು ಹತ್ತಕ್ಕೆ ಎಷ್ಟೈತೆ ಹೇಳ್ರಿ" ಎಂದಳು. ಮೇಡಂ ಕಣ್ಣು ತೆರೆದು, "ಮೊದ್ಲು ಕುಂತ್ಕಳವ್ವ" ಎಂದರು. "ಟೈಮಿಲ್ಲ ಅಜ್ಜಿ, ನಂಬರ್ ಹೇಳ್ರಿ." "ಹಂಗಾದ್ರೆ ಚೆನ್ನಾಗೈತೆ ಅಂತ ಬರ್ಕ ಹೋಗು." ಆ ಹುಡುಗಿಗೆ ಪಾಪ, ವಾರ್ಡಿನ ತುಂಬ ರೋಗಿಗಳು.

ಅವಳು ಹೋದ ಮೇಲೆ ನಾನು ಕುರ್ಚಿ ಎಳೆದುಕೊಂಡು ಕೂತೆ. ಅವರ ಹೂಜಿಯಿಂದಲೇ ನೀರು ಬಗ್ಗಿಸಿಕೊಂಡು ಕುಡಿದೆ. "ಮತ್ತೆ, ಮೇಡಂ?" ಎಂದೆ.

"ನೋವು ಏನಿಲ್ಲ ಬಿಡ್ರಿ ಮೇಷ್ಟ್ರೇ, ಹೊಟ್ಟೇದು ಹೊಟ್ಟೆಯಾಗೇ ಇರ್ಲಿ. ಈರಕ್ಕನ ಎರಡನೇ ಮಾತು ಒಂದ್ಸಲ ಆ ಜನದ ಕಿವಿಗೆ ಬೀಳಬೇಕಿತ್ತು. ಬೀಳೋ ಜಾಗ ಒಂದಿತ್ತು, ಆ ಅಹವಾಲು ಸಭೆ, ಅದನ್ನೂ ನಾನೇ ಕೆಡಿಸ್ದೆ" ಎಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅವತ್ತೇ.

ಈಗ ಶ್ರದ್ಧಾಂಜಲಿ ಸಭೆಗೆ ಬರೋಣ. ಈರಕ್ಕ ಬಂದಿದ್ದಳು. ಅಷ್ಟು ದೂರದಿಂದ ಬಸ್ಸು ಬದಲಿಸಿಕೊಂಡು, ಒಬ್ಬಳೇ. ಫ್ಲೆಕ್ಸ್ ಮುಂದೆ ನಿಂತು ನನ್ನನ್ನು ಕೇಳಿದಳು: "ಇದ್ಯಾರಪ್ಪ? ಟೀಚರಮ್ಮಂದು ಎಲ್ಲಿ ಹಾಕಿಲ್ವಾ?" ಇವರೇ ಅಂದೆ. ನಂಬಲಿಲ್ಲ. ಮೂಗುಬೊಟ್ಟು ತೋರಿಸಿದ ಮೇಲೆ, "ಅಯ್ಯೋ, ಏನು ಮಾಡಿಟ್ಟವ್ರೆ ಇವ್ಳ ಮುಖಾನ!" ಎಂದು ತಲೆಗೆ ಕೈ ಹಚ್ಚಿದಳು. ಸ್ವಯಂಸೇವಕನೊಬ್ಬ ನೀರಿನ ಬಾಟಲಿ ತಂದ. ಬೇಡವೆಂದಳು. ಹೆಗಲಿಗೆ ಬಿಳಿ ಶಾಲು ಹಾಕಲು ಬಂದರು, ಅದೂ ಬೇಡವೆಂದಳು. ಸಾವಿನ ಮೈಲಿಗೆ ಲೆಕ್ಕವಿರಬೇಕು ಎಂದುಕೊಂಡೆ.

ವೇದಿಕೆಯ ಮೇಲೆ ಅದೇ ಮುಖಗಳು. ಅದೇ ಸಾಹೇಬರು, ಅದೇ ಸಾಹುಕಾರ. ಮೇಡಂ ನಮ್ಮ ನಾಡಿಗೆ ನೆಮ್ಮದಿಯ ದಾರಿ ತೋರಿಸಿದರು, ಅವರು ಸದಾ ಹಸನ್ಮುಖಿ ಎಂದು ಒಬ್ಬರಾದ ಮೇಲೊಬ್ಬರು ಅರಚಿದರು. ನಾಚಿಕೆಗೆಟ್ಟವರು. ಆಮೇಲೆ ಸಾಹೇಬರಿಗೆ ಮುದುಕಿ ಕಂಡಳು. "ನೆಮ್ಮದಿಯ ಗ್ರಾಮದ ಅಜ್ಜಿ ಬಂದಿದ್ದಾರೆ, ಎರಡು ಮಾತು ಹೇಳ್ತಾರೆ" ಎಂದು ಮೇಲೆ ಕರೆದು 'ಮೈಕು ಇಲ್ಲಿದೆ' ಎಂದು ತೋರಿಸಿದರು.

ಈರಕ್ಕ ಮೈಕಿನ ಕಡೆ ಹೋಗಲೇ ಇಲ್ಲ. ವೇದಿಕೆಯಲ್ಲಿ ಹೂವು ಹಾಕಿಟ್ಟಿದ್ದ ಮೇಡಂ ಫೋಟೋದ ಮುಂದೆ ಕುಕ್ಕರಿಸಿ ಕೂತಳು. ಸೆರಗು ತಲೆಯ ಮೇಲೆಳೆದುಕೊಂಡು, ನೆಲಕ್ಕೆ ಕೈ ಬಡಿದು, ರಾಗ ಎತ್ತಿದಳು.

"ಕೇಳ್ದೆಲ್ಲೇ ನನ್ನವ್ವಾ, ಮತ್ತೆ ಅಂತ ಕೇಳ್ದೆಲ್ಲೇ... ಶಾಲು ಹೊದ್ದು ಸುಳ್ಳಾಡ್ದೆನಲ್ಲೇ, ಈಗ ಹೇಳ್ತೀನಿ ಎದ್ದು ಕುಂತು ಕೇಳೇ... ಎರಡನೇ ಮಿಷನ್ನು ಬಾಗಿಲಾಗೆ ಕುಂತೈತಲ್ಲೇ... ಗಬ್ಬದ ಕುರಿ ಕಂದು ಹಾಕಿದ್ವಲ್ಲೇ, ಹಟ್ಟಿ ಬರಿದಾತಲ್ಲೇ... ಸೊಸೆ ಕೆಮ್ಮಿ ಕೆಮ್ಮಿ ತೌರಿಗೆ ಹೋದ್ಲಲ್ಲೇ... ಪೇಟ ಇಟ್ಟೋನೇ ನಮ್ಮ ತಲೆ ಮ್ಯಾಲೆ ಕಲ್ಲು ಹಾಕಿದ್ನಲ್ಲೇ, ಇಕಾ ಇಲ್ಲೇ ಕುಂತವ್ನಲ್ಲೇ ನನ್ನವ್ವಾ..."

ಸಾಹೇಬರು ಅರ್ಧ ಎದ್ದು ಮತ್ತೆ ಕೂತರು. ಸಾವಿನ ಮುಂದೆ ಹಾಡಿ ಅಳುವ ಹೆಂಗಸಿನ ಬಾಯಿಗೆ ಕೈ ಅಡ್ಡ ಹಿಡಿಯುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಸಾಹುಕಾರ ಮೊಬೈಲು ಕಿವಿಗಿಟ್ಟುಕೊಂಡು ಎದ್ದು ಹೋದ, ಮುದುಕಿಯ ರಾಗ ಬಾಗಿಲ ತನಕ ಅವನ ಬೆನ್ನಿಗೆ ಹೋಯಿತು. ಏಣಿಯ ಕೆಳಗಿನ ಮೆಟ್ಟಿಲಿನಲ್ಲಿ ಏನೇನಿತ್ತೋ ಎಲ್ಲವನ್ನೂ ಹೆಸರಿಟ್ಟು ಹೇಳಿ ಮುಗಿಸಿ, ಮೂಗು ಒರೆಸಿಕೊಂಡು, ಆಕೆ ಇಳಿದು ಬಂದಳು.

ಇಷ್ಟಾದ ಮೇಲೆ ಇವರಿಗೆ ಬುದ್ಧಿ ಬಂತೇ? ಎಲ್ಲಿಂದ. ಸಾಹೇಬರು ಕಣ್ಣಿಗೆ ಕರ್ಚೀಫು ಒತ್ತಿಕೊಂಡು, "ಮೇಡಂ ಮೇಲೆ ಜನರಿಗೆ ಎಂಥಾ ಪ್ರೀತಿ ನೋಡಿ!" ಎಂದರು. ಮರುದಿನ ಆ ವಿಡಿಯೋ 'ಭಾವುಕ ಕ್ಷಣ' ಎಂಬ ಹೆಸರಿನಲ್ಲಿ ನನ್ನ ಫೋನಿಗೂ ಬಂತು, ಹಿಂದೆ ಕೊಳಲಿನ ಸಂಗೀತ ಸೇರಿಸಿ, ಮಾತು ಕೇಳಿಸದ ಹಾಗೆ. ಆದರೆ ಅವತ್ತು ಸಭೆಯಲ್ಲಿದ್ದವರ ಕಿವಿಗೆ ಸಂಗೀತ ಇರಲಿಲ್ಲ. ಅವರೆಲ್ಲ ಕೇಳಿದ್ದಾರೆ.

ಭವನದ ಹೊರಗೆ ಬಿಸಿಲಿತ್ತು. ಮುದುಕಿಯ ತುಟಿ ಒಣಗಿ ಬಿರಿದಿತ್ತು. ಸ್ವಯಂಸೇವಕ ಮತ್ತೆ ಬಾಟಲಿ ಹಿಡಿದುಕೊಂಡು ಓಡಿ ಬಂದ. ಆಕೆ ಮತ್ತೆ ಕೈ ಅಡ್ಡ ಮಾಡಿದಳು.

"ಬೆಳಿಗ್ಗಿಂದ ಗಂಟಲಿಗೆ ಏನೂ ಇಳಿಸಿಲ್ಲ ನೀನು, ಒಂದು ಗುಟುಕು ಕುಡಿ ಈರಕ್ಕ" ಎಂದೆ.

"ಬ್ಯಾಡಪ್ಪ. ಬಸ್ ಸ್ಟ್ಯಾಂಡಿನ ನಲ್ಲಿಯಾಗೆ ಕುಡೀತೀನಿ" ಎಂದು ಸೆರಗು ಕೊಡವಿ ಹೆಜ್ಜೆ ಹಾಕಿದಳು. "ಇವ್ರ ನೀರು ಕುಡುದ್ರೆ ತಿರ್ಗಾ ಚೆನ್ನಾಗಿದೀವಿ ಅನ್ಬೇಕಾಗತೈತೆ."